‘ಭೂಮಿಯ ಪಕ್ಕದಲ್ಲೇ ಕ್ಷುದ್ರಗ್ರಹ’ ಅಂತ ಸುದ್ದಿ ಬಂದಾಗ: ಮೊದಲು ಲೆಕ್ಕ ನೋಡಿ, ಆಮೇಲೆ ಆಕಾಶ ನೋಡಿ

“ಏನಪ್ಪಾ, ಅದೇನೋ ಕಲ್ಲು ಬಂದು ಭೂಮಿಗೆ ಬಡಿಯುತ್ತಂತಲ್ಲ, ನಿಜಾನಾ?”

2025ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿ ಕೇಳಿದರು. ದನಿಯಲ್ಲಿ ನಿಜವಾದ ಭಯ ಇತ್ತು. ಯಾರೋ ಕಳಿಸಿದ ವಿಡಿಯೊದಲ್ಲಿ ಬೆಂಕಿಯುಂಡೆಯೊಂದು ಸಮುದ್ರಕ್ಕೆ ಬೀಳುತ್ತಿತ್ತಂತೆ, ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ವರ್ಷವನ್ನೂ ಹಾಕಿದ್ದರಂತೆ. “ಹೆದರಬೇಡಿ ಚಿಕ್ಕಮ್ಮ” ಅಂತ ಹೇಳಿ ಫೋನ್ ಇಡಬಹುದಿತ್ತು. ಆದರೆ ಮುಂದಿನ ತಿಂಗಳು ಇನ್ನೊಂದು ವಿಡಿಯೊ ಬರುತ್ತೆ, ಮತ್ತೆ ಅದೇ ಭಯ. ಅದಕ್ಕೇ ಆ ಭಾನುವಾರ ಅವರ ಜೊತೆ ಕೂತು, ಇಂಥ ಸುದ್ದಿಯನ್ನು ನಾವೇ ಹೇಗೆ ಪರೀಕ್ಷೆ ಮಾಡಬಹುದು ಅಂತ ತೋರಿಸಿದೆ. ಡಿಸೆಂಬರಿನಲ್ಲಿ ಅವರೇ ಚಾಪೆ ಹಿಡಿದುಕೊಂಡು ಉಲ್ಕೆ ನೋಡೋಕೆ ಹೊರಗೆ ಬಂದರು. ಆ ಭಾನುವಾರ ಅವರಿಗೆ ಹೇಳಿದ್ದನ್ನೇ, ಆಮೇಲೆ ತಿಳಿದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂರು ಹೆಸರು ಸರಿಯಾಗಿ ಗೊತ್ತಿರಲಿ. ಸೂರ್ಯನ ಸುತ್ತ ತಿರುಗುತ್ತಿರುವ ಕಲ್ಲಿನ ಅಥವಾ ಲೋಹದ ಬಂಡೆ ಕ್ಷುದ್ರಗ್ರಹ. ಅದರದ್ದೋ ಧೂಮಕೇತುವಿನದ್ದೋ ಒಂದು ಚೂರು ನಮ್ಮ ಗಾಳಿಯೊಳಗೆ ನುಗ್ಗಿ ಉರಿದಾಗ ಕಾಣುವ ಬೆಳಕಿನ ಗೆರೆ ಉಲ್ಕೆ. ಉರಿದು ಉಳಿದದ್ದು ನೆಲಕ್ಕೆ ಬಿದ್ದರೆ ಅದು ಉಲ್ಕಾಶಿಲೆ. ಸುದ್ದಿಯಲ್ಲಿ ಈ ಮೂರನ್ನೂ ಕಲಸಿಬಿಡುತ್ತಾರೆ. ಅರ್ಧ ಗಾಬರಿ ಹುಟ್ಟುವುದೇ ಅಲ್ಲಿ.

ಹೆಜ್ಜೆ 1: ದೂರವನ್ನು ಚಂದ್ರನಿಂದ ಅಳೆಯಿರಿ

“ಭೂಮಿಗೆ ತೀರಾ ಹತ್ತಿರ” ಅಂತ ಓದಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಎಷ್ಟು ಕಿಲೋಮೀಟರ್? ಸಂಖ್ಯೆ ಸಿಕ್ಕಿದರೆ ಅದನ್ನು 3,84,400ರಿಂದ ಭಾಗಿಸಿ. ಅದು ನಮಗೂ ಚಂದ್ರನಿಗೂ ನಡುವಿನ ಸರಾಸರಿ ದೂರ. ಉತ್ತರ 13 ಬಂತು ಅನ್ನಿ. ಆ ಕಲ್ಲು ಚಂದ್ರನಿಗಿಂತ 13 ಪಟ್ಟು ಆಚೆ ಹೋಗುತ್ತಿದೆ ಅಂತ ಅರ್ಥ.

ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿಕೊಳ್ಳಬಹುದು. ಭೂಮಿಯನ್ನು ಒಂದು ಫುಟ್‌ಬಾಲ್ ಅಂದುಕೊಳ್ಳಿ. ಆ ಅಳತೆಯಲ್ಲಿ ಚಂದ್ರ ಒಂದು ಟೆನಿಸ್ ಚೆಂಡಿಗಿಂತ ತುಸು ಚಿಕ್ಕದು, ಸುಮಾರು ಆರೂವರೆ ಮೀಟರ್ ದೂರದಲ್ಲಿ ಇದೆ. 50 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಗುವ ಕ್ಷುದ್ರಗ್ರಹ ಸುಮಾರು 86 ಮೀಟರ್ ಆಚೆ ಇರುತ್ತದೆ. ಅದು ನೂರು ಮೀಟರ್ ಅಗಲದ್ದಾದರೆ, ಈ ಅಳತೆಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಧೂಳು. ಫುಟ್‌ಬಾಲ್ ಇಲ್ಲಿ, ಧೂಳಿನ ಕಣ ಅಷ್ಟು ದೂರದಲ್ಲಿ. ಚಿಕ್ಕಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇದಕ್ಕಾ ಅಷ್ಟೊಂದು?” ಅಂದರು.

“ಅಪಾಯಕಾರಿ ಕ್ಷುದ್ರಗ್ರಹ” ಅನ್ನುವ ಪದವೂ ಜನರನ್ನು ಹೆದರಿಸುತ್ತದೆ. ಖಗೋಳ ವಿಜ್ಞಾನಿಗಳು ಅದನ್ನು ಒಂದು ವಿಭಾಗದ ಹೆಸರಾಗಿ ಬಳಸುತ್ತಾರೆ, ಅಷ್ಟೇ. ಒಂದು ಕಲ್ಲಿನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 75 ಲಕ್ಷ ಕಿಲೋಮೀಟರಿಗಿಂತ ಹತ್ತಿರ ಬರುವಂತಿದ್ದು, ಕಲ್ಲು ಸುಮಾರು 140 ಮೀಟರಿಗಿಂತ ದೊಡ್ಡದಾಗಿದ್ದರೆ ಈ ಪಟ್ಟಿಗೆ ಸೇರುತ್ತದೆ. ಇಂಥ ದಿನ ಬಂದು ಬಡಿಯುತ್ತದೆ ಅನ್ನುವ ಅರ್ಥ ಅದರಲ್ಲಿ ಇಲ್ಲ. ಇವುಗಳ ಮೇಲೆ ಜಾಸ್ತಿ ಕಣ್ಣಿಡಬೇಕು ಅನ್ನುವ ಗುರುತು ಅದು.

ಸುದ್ದಿ ಬರೆಯುವವರಿಗೆ ಇನ್ನೊಂದು ಪ್ರೀತಿಯ ಸಂಖ್ಯೆ ವೇಗ. “ಗಂಟೆಗೆ 50,000 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತಿದೆ!” ಸೂರ್ಯನ ಸುತ್ತ ತಿರುಗುವ ಎಲ್ಲವೂ ಇಂಥ ವೇಗದಲ್ಲೇ ಓಡುತ್ತವೆ. ಈ ಸಾಲು ಓದುತ್ತಾ ಕೂತಿರುವ ನಾವೂ ಭೂಮಿಯ ಜೊತೆ ಗಂಟೆಗೆ ಸುಮಾರು 1,07,000 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೇವೆ. ಪಕ್ಕದಲ್ಲಿ ಹಾದುಹೋಗುವ ಕಲ್ಲಿನ ವೇಗದಿಂದ ಅಪಾಯದ ಬಗ್ಗೆ ಏನೂ ತಿಳಿಯುವುದಿಲ್ಲ.

ಹೆಜ್ಜೆ 2: ಪಟ್ಟಿಯನ್ನು ನೀವೇ ತೆರೆದು ನೋಡಿ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ (ಜೆಪಿಎಲ್) ಭೂಮಿಯ ಹತ್ತಿರದ ಕಾಯಗಳನ್ನು ಲೆಕ್ಕ ಹಾಕುವ ಒಂದು ಕೇಂದ್ರ ಇದೆ. ಹೆಸರು ಸಿಎನ್‌ಇಒಎಸ್. ಅದರ ಜಾಲತಾಣದಲ್ಲಿ ‘ಕ್ಲೋಸ್ ಅಪ್ರೋಚಸ್’ ಅನ್ನುವ ಪಟ್ಟಿ ಎಲ್ಲರಿಗೂ ತೆರೆದಿದೆ. ಖಾತೆ ಬೇಡ, ದುಡ್ಡು ಬೇಡ.

ಮೊದಲ ಕಾಲಂನಲ್ಲಿ ಕಲ್ಲಿನ ಹೆಸರು, ಎರಡನೆಯದರಲ್ಲಿ ಹತ್ತಿರ ಬರುವ ದಿನ ಮತ್ತು ಹೊತ್ತು. ಆಮೇಲೆ ದೂರ ಎರಡು ಸಲ ಬರುತ್ತದೆ. ‘ನಾಮಿನಲ್’ ಅಂದರೆ ಈಗಿನ ಲೆಕ್ಕದ ಪ್ರಕಾರ ಇರಬೇಕಾದ ದೂರ. ‘ಮಿನಿಮಮ್’ ಅಂದರೆ ಲೆಕ್ಕದಲ್ಲಿ ಇರಬಹುದಾದ ತಪ್ಪನ್ನೆಲ್ಲ ಸೇರಿಸಿದರೂ ಇದಕ್ಕಿಂತ ಹತ್ತಿರ ಬರಲಾರದು ಅನ್ನುವ ದೂರ. ಎರಡರಲ್ಲೂ ‘ಎಲ್‌ಡಿ’ ಅನ್ನುವ ಅಳತೆ ನೋಡಿ. ಒಂದು ಎಲ್‌ಡಿ ಅಂದರೆ ಚಂದ್ರನ ದೂರ, ನಾವು ಈಗಷ್ಟೇ ಭಾಗಿಸಿದ್ದು ಅದನ್ನೇ. ಮಿನಿಮಮ್ ಕಾಲಂನಲ್ಲೂ 1ಕ್ಕಿಂತ ಜಾಸ್ತಿ ಇದ್ದರೆ ಚಂದ್ರನಿಗಿಂತ ಆಚೆಯೇ ಹೋಗುತ್ತದೆ, ಅಲ್ಲಿಗೆ ವಿಷಯ ಮುಗಿಯಿತು. ಕೊನೆಯಲ್ಲಿ ವೇಗ, ಹೊಳಪಿನ ಸಂಖ್ಯೆ, ಅಂದಾಜು ಗಾತ್ರ ಇರುತ್ತವೆ.

ಸುದ್ದಿಯಲ್ಲಿ ಬಂದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಸುದ್ದಿಯನ್ನು ಯಾರಿಗೂ ಕಳಿಸಬೇಡಿ. ಹೆಸರೇ ಇಲ್ಲದ ಸುದ್ದಿಯನ್ನಂತೂ ಓದುವುದೂ ಬೇಡ.

ಪಟ್ಟಿ ತೆರೆದಾಗ ಒಂದು ವಿಷಯ ನಿಮ್ಮನ್ನು ಬೆಚ್ಚಿಬೀಳಿಸಬಹುದು. ಚಂದ್ರನಿಗಿಂತ ಹತ್ತಿರ ಹಾದುಹೋದವು ಎಷ್ಟೊಂದು ಇವೆಯಲ್ಲ! ಹೌದು, ವರ್ಷಕ್ಕೆ ನೂರಕ್ಕೂ ಹೆಚ್ಚು ಹಾಗೆ ಹೋಗುವುದು ಪತ್ತೆಯಾಗುತ್ತದೆ. ಹೆಚ್ಚಿನವು ಒಂದು ಕಾರಿನಷ್ಟು, ಒಂದು ಲಾರಿಯಷ್ಟು ದೊಡ್ಡವು. ಮೊದಲೂ ಹೋಗುತ್ತಿದ್ದವು, ಈಗ ನಮಗೆ ಕಾಣುತ್ತಿವೆ. ಇಲ್ಲಿಯವರೆಗೆ ಭೂಮಿಯ ಸಮೀಪದ 40,000ಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಸಿಕ್ಕಿವೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಅವುಗಳಲ್ಲಿ ಭೂಮಿಯ ಸಮೀಪದವು ಏಳು. ಹಾಗಾಗಿ ಇಂಥ ಸುದ್ದಿ ಇನ್ನು ಮುಂದೆ ಜಾಸ್ತಿ ಬರುತ್ತದೆ, ಕಮ್ಮಿ ಆಗುವುದಿಲ್ಲ. ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 3: ಗಾತ್ರವನ್ನು ಎರಡು ಸಂಖ್ಯೆಯಾಗಿ ಓದಿ

ಪಟ್ಟಿಯಲ್ಲಿ ಗಾತ್ರ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. “22ರಿಂದ 49 ಮೀಟರ್” ಅಂತ ಇರುತ್ತದೆ. ಸುದ್ದಿ ಬರೆಯುವವರು ಅದರಲ್ಲಿ ದೊಡ್ಡದನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ಎರಡು ಸಂಖ್ಯೆ ಯಾಕೆ ಬೇಕು? ದೂರದರ್ಶಕದಲ್ಲಿ ಕ್ಷುದ್ರಗ್ರಹ ಒಂದು ಚುಕ್ಕಿ. ಅದರ ಹೊಳಪು ಎಷ್ಟು ಅಂತ ಮಾತ್ರ ಗೊತ್ತಾಗುತ್ತದೆ. ಇದ್ದಿಲಿನ ಹಾಗೆ ಕಪ್ಪಗಿರುವ ದೊಡ್ಡ ಕಲ್ಲೂ, ತಿಳಿ ಬಣ್ಣದ ಸಣ್ಣ ಕಲ್ಲೂ ಅಷ್ಟೇ ಬೆಳಕನ್ನು ಕಳಿಸಬಹುದು. ಅದಕ್ಕೇ ಎರಡು ತುದಿಯನ್ನೂ ಕೊಡುತ್ತಾರೆ. ಚಿಕ್ಕಮ್ಮನನ್ನು ಹೆದರಿಸಿದ ‘2024 ವೈಆರ್4’ ಅನ್ನುವ ಕಲ್ಲಿಗೂ ಮೊದಲು 40ರಿಂದ 90 ಮೀಟರ್ ಅಂತಲೇ ಇತ್ತು. ಜೇಮ್ಸ್ ವೆಬ್ ದೂರದರ್ಶಕ ಅದರ ಶಾಖವನ್ನು ಅಳೆದ ಮೇಲೆ ಸುಮಾರು 60 ಮೀಟರ್ ಅಂತ ಗೊತ್ತಾಯಿತು.

ಯಾವ ಗಾತ್ರ ಏನು ಮಾಡಬಲ್ಲದು? ಕಾರಿನಷ್ಟು ದೊಡ್ಡದು ಸುಮಾರು ವರ್ಷಕ್ಕೊಮ್ಮೆ ಬಂದು ಮೇಲೇ ಉರಿದುಹೋಗುತ್ತದೆ. 20 ಮೀಟರ್ ಆಸುಪಾಸಿನದು ಗಾಳಿಯಲ್ಲೇ ಒಡೆಯುತ್ತದೆ, ಆದರೆ ಆ ಸ್ಫೋಟದಿಂದ ಗಾಳಿಯಲ್ಲಿ ಎದ್ದ ಅಲೆ ಕೆಳಗೆ ತಾಕಬಹುದು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಆದದ್ದು ಇದೇ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ ಸ್ಫೋಟಿಸಿದ್ದು ಇನ್ನೂ ದೊಡ್ಡದು. ಅಲ್ಲಿ ಸುಮಾರು 2,150 ಚದರ ಕಿಲೋಮೀಟರ್ ಕಾಡಿನ ಮರಗಳು ನೆಲಕ್ಕೆ ಒರಗಿದವು. ಆ ಜೂನ್ 30ನ್ನೇ ಈಗ ಜಗತ್ತಿನಾದ್ಯಂತ ಕ್ಷುದ್ರಗ್ರಹ ದಿನವಾಗಿ ಆಚರಿಸುತ್ತಾರೆ. ಒಂದು ಕಿಲೋಮೀಟರಿಗಿಂತ ದೊಡ್ಡದು ಬಿದ್ದರೆ ಪರಿಣಾಮ ಇಡೀ ಭೂಮಿಗೆ ತಟ್ಟುತ್ತದೆ. ಅಂಥವುಗಳಲ್ಲಿ ಸುಮಾರು 95% ಈಗಾಗಲೇ ಸಿಕ್ಕಿವೆ. ನಿಜವಾದ ಕೆಲಸ ಬಾಕಿ ಇರುವುದು ನಡುವಿನ ಗಾತ್ರದಲ್ಲಿ. 140 ಮೀಟರಿಗಿಂತ ದೊಡ್ಡವುಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಸಿಕ್ಕಿಲ್ಲ ಅನ್ನುವುದು ಅಂದಾಜು. ಕಾಳಜಿ ಮಾಡುವುದಾದರೆ ಇದರ ಬಗ್ಗೆ ಮಾಡಬೇಕು.

ಹೆಸರಿನ ಬಗ್ಗೆಯೂ ಒಂದು ಮಾತು, ಯಾಕಂದರೆ ನನಗೆ ಇದು ತುಂಬಾ ಇಷ್ಟ. ‘2024 ವೈಆರ್4’ ಅಂದರೆ ಏನೋ ಗುಟ್ಟಿನ ಸಂಕೇತದ ಹಾಗೆ ಕೇಳಿಸುತ್ತದೆ. ಬಿಡಿಸಿದರೆ ಬರೀ ದಿನಾಂಕ ಮತ್ತು ಕ್ರಮಸಂಖ್ಯೆ. ವರ್ಷವನ್ನು 24 ಅರ್ಧ ತಿಂಗಳಾಗಿ ಮಾಡಿ, ಪ್ರತಿ ಅರ್ಧಕ್ಕೆ ಇಂಗ್ಲಿಷಿನ ಒಂದೊಂದು ಅಕ್ಷರ ಕೊಟ್ಟಿದ್ದಾರೆ. ಐ ಅಕ್ಷರವನ್ನು ಬಳಸುವುದಿಲ್ಲ. ವೈ ಅಂದರೆ ಡಿಸೆಂಬರಿನ ಎರಡನೇ ಅರ್ಧ. ಎರಡನೇ ಅಕ್ಷರ ಆರ್, ಐ ಬಿಟ್ಟರೆ 17ನೆಯದು. 25 ಅಕ್ಷರಗಳ ಸುತ್ತು ಎಷ್ಟು ಸಲ ಮುಗಿದಿದೆ ಅನ್ನುವುದು ಕೊನೆಯ ಅಂಕಿ, ಇಲ್ಲಿ ನಾಲ್ಕು. ನಾಲ್ಕು ಸಲ 25 ಅಂದರೆ 100, ಜೊತೆಗೆ 17. ಅಂದರೆ 2024ರ ಡಿಸೆಂಬರ್ 16ರಿಂದ 31ರ ನಡುವೆ ಸಿಕ್ಕವುಗಳಲ್ಲಿ 117ನೆಯದು. ಚಿಕ್ಕಮ್ಮ ಇದನ್ನು ಕಾಗದದ ಮೇಲೆ ಬರೆದುಕೊಂಡು ಪಟ್ಟಿಯಲ್ಲಿದ್ದ ಇನ್ನೂ ಐದಾರು ಹೆಸರು ಬಿಡಿಸಿದರು.

ಹೆಜ್ಜೆ 4: ‘ಸಾಧ್ಯತೆ ಹೆಚ್ಚಾಗಿದೆ’ ಅಂದರೆ ಏನು ಅಂತ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಓದಿಕೊಂಡವರೂ ಎಡವುವುದು ಇಲ್ಲೇ.

2024 ವೈಆರ್4 ಸಿಕ್ಕಿದ್ದು 2024ರ ಡಿಸೆಂಬರ್ 27ರಂದು, ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಯಲ್ಲಿ 1% ದಾಟಿತು. ಫೆಬ್ರವರಿ 18ರಂದು 3.1% ಆಯಿತು. ಅಷ್ಟು ದೊಡ್ಡ ಕಲ್ಲಿಗೆ ನಾಸಾ ಅಲ್ಲಿಯವರೆಗೆ ದಾಖಲಿಸಿದ ಅತಿ ಹೆಚ್ಚಿನ ಸಾಧ್ಯತೆ ಅದು. ಚಿಕ್ಕಮ್ಮನ ಫೋನ್ ಬಂದದ್ದು ಅದೇ ವಾರ. ಫೆಬ್ರವರಿ 24ರ ಹೊತ್ತಿಗೆ ಅದು 0.004%ಕ್ಕೆ ಇಳಿದಿತ್ತು.

“ಏರುತ್ತಾ ಏರುತ್ತಾ ಹೋಗಿದ್ದು ಒಂದೇ ವಾರದಲ್ಲಿ ಸೊನ್ನೆ ಆಗುತ್ತಾ? ಏನೋ ಮುಚ್ಚಿಡುತ್ತಿದ್ದಾರೆ” ಅಂತ ಎಷ್ಟೋ ಜನ ಅಂದರು. ಮುಚ್ಚಿಟ್ಟಿದ್ದು ಏನೂ ಇಲ್ಲ. ಕ್ರಿಕೆಟ್ ಮೈದಾನದಲ್ಲಿ ನೀವು ಬೌಂಡರಿ ಹತ್ತಿರ ನಿಂತಿದ್ದೀರಿ ಅಂದುಕೊಳ್ಳಿ. ಬ್ಯಾಟಿಗೆ ತಾಗಿ ಚೆಂಡು ಮೇಲೆ ಹಾರಿತು. ಮೊದಲ ಕ್ಷಣದಲ್ಲಿ ಅದು ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಬೀಳಬಹುದು. ನಿಮ್ಮ ತಲೆಯ ಮೇಲೇ ಬೀಳುವ ಸಾಧ್ಯತೆ ತೀರಾ ಕಡಿಮೆ. ಚೆಂಡನ್ನು ಇನ್ನಷ್ಟು ಹೊತ್ತು ನೋಡಿದಾಗ, ಬೀಳಬಹುದಾದ ಜಾಗ ಒಂದು ಕೋಣೆಯಷ್ಟಕ್ಕೆ ಕುಗ್ಗುತ್ತದೆ. ನೀವು ಇನ್ನೂ ಆ ಕೋಣೆಯ ಒಳಗೇ ಇದ್ದರೆ ನಿಮ್ಮ ಪಾಲಿನ ಸಾಧ್ಯತೆ ಏರುತ್ತದೆ. ಚೆಂಡು ದಾರಿ ಬದಲಿಸಿಲ್ಲ, ನಿಮ್ಮ ಲೆಕ್ಕ ಚುರುಕಾಗಿದೆ. ಇನ್ನೊಂದು ಕ್ಷಣ ನೋಡಿದರೆ ಜಾಗ ಇನ್ನೂ ಕುಗ್ಗಿ, ನೀವು ಅದರ ಹೊರಗೆ ಉಳಿಯುತ್ತೀರಿ. ಆಗ ಸಾಧ್ಯತೆ ಒಂದೇ ಏಟಿಗೆ ಸೊನ್ನೆ.

ಕ್ಷುದ್ರಗ್ರಹದ ವಿಷಯದಲ್ಲೂ ಇದೇ ನಡೆಯುತ್ತದೆ. ಕೆಲವು ರಾತ್ರಿ ನೋಡಿ ಹಾಕಿದ ಕಕ್ಷೆಯಲ್ಲಿ ತಪ್ಪು ಜಾಸ್ತಿ ಇರುತ್ತದೆ. ಹೆಚ್ಚು ರಾತ್ರಿ ನೋಡಿದಷ್ಟೂ ಅದು ಬಿಗಿಯಾಗುತ್ತದೆ. 2004ರಲ್ಲಿ ಸಿಕ್ಕ ಅಪೋಫಿಸ್ ಅನ್ನುವ ಕ್ಷುದ್ರಗ್ರಹಕ್ಕೂ ಇದೇ ಆಯಿತು. 2029ರಲ್ಲಿ ಅದು ಬಡಿಯುವ ಸಾಧ್ಯತೆ ಆ ಡಿಸೆಂಬರಿನಲ್ಲಿ 2.7% ವರೆಗೆ ಏರಿತ್ತು, ಆಮೇಲೆ ಬಿದ್ದುಹೋಯಿತು. 2021ರ ಮಾರ್ಚ್‌ನಲ್ಲಿ ರೇಡಾರಿನಿಂದ ಅಳೆದ ಮೇಲೆ ಕನಿಷ್ಠ ನೂರು ವರ್ಷ ಅದರಿಂದ ಭಯ ಇಲ್ಲ ಅಂತ ನಾಸಾ ಹೇಳಿತು.

ನೀವು ಮಾಡಬೇಕಾದದ್ದು: ಸುದ್ದಿಯಲ್ಲಿ ‘ಟೊರಿನೊ ಮಾಪಕ’ದ ಸಂಖ್ಯೆ ಹುಡುಕಿ. ಅದು 0ಯಿಂದ 10ರವರೆಗೆ ಇದೆ. ಬಡಿಯುವ ಸಾಧ್ಯತೆ ಮತ್ತು ಬಡಿದರೆ ಆಗುವ ಹಾನಿ, ಎರಡನ್ನೂ ಸೇರಿಸಿ ಕೊಡುವ ಅಂಕ ಅದು. ಸಿಎನ್‌ಇಒಎಸ್‌ನ ‘ಸೆಂಟ್ರಿ’ ಪುಟದಲ್ಲಿ ಪ್ರತಿ ಕಲ್ಲಿನ ಅಂಕ ಸಿಗುತ್ತದೆ. ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ 0. ವೈಆರ್4 ಸ್ವಲ್ಪ ದಿನ 3ರಲ್ಲಿತ್ತು. ಅಪೋಫಿಸ್ ಒಮ್ಮೆ 4 ಮುಟ್ಟಿತ್ತು, ಈವರೆಗಿನ ದಾಖಲೆ ಅದು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಇಂಥದ್ದೇ ಅಪಾಯದ ಪಟ್ಟಿ ಇಟ್ಟಿದೆ. ಎರಡೂ ಕಡೆ ಒಂದೇ ಮಾತು ಇದ್ದರೆ ನಂಬಿ.

ನಿಜವಾಗಿಯೂ ಒಂದು ಕಲ್ಲು ನಮ್ಮ ದಾರಿಗೆ ಬಂದರೆ ಏನು ಮಾಡೋದು ಅಂತಲೂ ಚಿಕ್ಕಮ್ಮ ಕೇಳಿದರು. ಅದನ್ನು ತಳ್ಳಿ ನೋಡಿದ್ದೂ ಆಗಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರಿನ ಡೈಮಾರ್ಫಸ್ ಅನ್ನುವ ಕ್ಷುದ್ರಗ್ರಹಕ್ಕೆ ಸೆಕೆಂಡಿಗೆ 6 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬೇಕಂತಲೇ ಗುದ್ದಿತು. ಅದು ತನ್ನ ದೊಡ್ಡ ಜೊತೆಗಾರನ ಸುತ್ತ ಒಂದು ಸುತ್ತು ಹಾಕಲು 11 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತಿತ್ತು. ಗುದ್ದಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಮೊದಲೇ ಗೊತ್ತಾದರೆ ತಳ್ಳಬಹುದು. ಅದಕ್ಕೇ ಹುಡುಕುವ ಕೆಲಸ ಇಷ್ಟು ದೊಡ್ಡದು.

ಹೆಜ್ಜೆ 5: ಆಕಾಶದಲ್ಲಿ ದೊಡ್ಡ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ

ಈ ಹೆಜ್ಜೆ ಚಿಕ್ಕದು, ಆದರೆ ನೆನಪಿಡಲೇಬೇಕು. ಚೆಲ್ಯಾಬಿನ್ಸ್ಕ್‌ನಲ್ಲಿ ಬೆಳಿಗ್ಗೆ ಸೂರ್ಯನಂಥ ಬೆಳಕು ಮಿಂಚಿತು. ಜನ ಏನಾಯಿತು ಅಂತ ನೋಡೋಕೆ ಕಿಟಕಿಗೆ ಬಂದು ನಿಂತರು. ಎರಡು ನಿಮಿಷದ ಮೇಲೆ ಅಲೆ ಬಂದು ತಾಕಿ ಗಾಜುಗಳು ಒಡೆದವು. ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ಏಟಾದದ್ದು ಗಾಜಿನ ಚೂರುಗಳಿಂದ.

ಬೆಳಕು ತಕ್ಷಣ ಬರುತ್ತದೆ, ಸದ್ದಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡ್ ಬೇಕು. ಕಲ್ಲು ಒಡೆದದ್ದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ. ನೇರ ಕೆಳಗೆ ಇದ್ದವರಿಗೂ ಒಂದೂವರೆ ನಿಮಿಷ ಇತ್ತು. ನೆರಳು ಮೂಡಿಸುವಷ್ಟು, ಕಣ್ಣು ಕುಕ್ಕುವಷ್ಟು ಬೆಳಕು ಕಂಡರೆ ಗಾಜಿಗೆ ಬೆನ್ನು ಹಾಕಿ, ಒಳಗಿನ ಗೋಡೆಯ ಹತ್ತಿರ ಹೋಗಿ, ಐದು ನಿಮಿಷ ಅಲ್ಲೇ ಇರಿ. ಮಕ್ಕಳಿಗೂ ಹೇಳಿಕೊಡಿ. ಆ ಕಲ್ಲು ಸೂರ್ಯನ ಕಡೆಯಿಂದ ಬಂದಿತ್ತು, ಯಾವ ದೂರದರ್ಶಕಕ್ಕೂ ಮೊದಲೇ ಕಂಡಿರಲಿಲ್ಲ.

ಹೆಜ್ಜೆ 6: ಉಲ್ಕೆ ನೋಡೋಕೆ ಒಂದು ರಾತ್ರಿ ಇಡಿ

ಇಷ್ಟೆಲ್ಲ ಲೆಕ್ಕ ನೋಡಿದ ಮೇಲೆ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಹೊರಗೆ ಬನ್ನಿ. ಭೂಮಿಗೆ ದಿನಾ ಹತ್ತಾರು ಟನ್ ಧೂಳು, ಹರಳು ಬೀಳುತ್ತಲೇ ಇದೆ. ಅದರಲ್ಲಿ ಒಂದಷ್ಟು ನಿಮ್ಮ ಕಣ್ಣಮುಂದೆಯೇ, 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ, ಗೆರೆ ಎಳೆದು ಹೋಗುತ್ತದೆ.

ಯಾವ ರಾತ್ರಿ? ಧೂಮಕೇತುಗಳು, ಒಮ್ಮೊಮ್ಮೆ ಕ್ಷುದ್ರಗ್ರಹಗಳು, ಬಿಟ್ಟುಹೋದ ಧೂಳಿನ ಪಟ್ಟಿಯನ್ನು ಭೂಮಿ ಪ್ರತಿ ವರ್ಷ ಅದೇ ದಿನಗಳಲ್ಲಿ ದಾಟುತ್ತದೆ. ಆಗ ಕಾಣುವ ಉಲ್ಕೆಗಳ ಗುಂಪೇ ಉಲ್ಕಾವರ್ಷ. ಹೊಸಬರಿಗೆ ಎರಡು ಉಲ್ಕಾವರ್ಷ ಸಾಕು. ಆಗಸ್ಟ್ 12–13ರ ಪರ್ಸೀಡ್, ಇದು ಸ್ವಿಫ್ಟ್–ಟಟಲ್ ಧೂಮಕೇತುವಿನದು. ಡಿಸೆಂಬರ್ 13–14ರ ಜೆಮಿನಿಡ್, ಇದು ಫೇಥಾನ್ ಅನ್ನುವ ಕ್ಷುದ್ರಗ್ರಹದಿಂದ ಬಂದದ್ದು. ಒಂದನ್ನೇ ಆರಿಸಿ ಅಂದರೆ ನಾನು ಕಣ್ಣುಮುಚ್ಚಿ ಜೆಮಿನಿಡ್ ಅನ್ನುತ್ತೇನೆ. ಪರ್ಸೀಡ್ ಸೆಕೆಂಡಿಗೆ 59 ಕಿಲೋಮೀಟರ್ ವೇಗದಲ್ಲಿ ಬರುತ್ತವೆ, ಕಣ್ಣು ತಿರುಗಿಸುವಷ್ಟರಲ್ಲಿ ಇಲ್ಲ. ಜೆಮಿನಿಡ್ 35 ಕಿಲೋಮೀಟರ್, ಹಾಗಾಗಿ ಪಕ್ಕದವರಿಗೆ “ಅಲ್ನೋಡಿ!” ಅನ್ನೋಕೆ ಒಂಚೂರು ಸಮಯ ಸಿಗುತ್ತದೆ. ಜೆಮಿನಿಡ್‌ಗಳು ಹೊರಡುವಂತೆ ಕಾಣುವ ಮಿಥುನ ರಾಶಿ ಸಂಜೆಯೇ ಮೇಲೇರುವುದರಿಂದ ಮಧ್ಯರಾತ್ರಿಯವರೆಗೆ ಕಾಯಬೇಕಾಗಿಯೂ ಇಲ್ಲ. ಬೇರೆ ಹೆಚ್ಚಿನ ಉಲ್ಕಾವರ್ಷಗಳು ಚೆನ್ನಾಗಿ ಕಾಣುವುದು ಮಧ್ಯರಾತ್ರಿ ಕಳೆದ ಮೇಲೆ. ಆಗ ನಾವಿರುವ ಭಾಗ ಭೂಮಿ ಓಡುವ ದಿಕ್ಕಿಗೆ ಮುಖ ಮಾಡಿರುತ್ತದೆ.

ಚಂದ್ರನನ್ನು ಮರೆಯಬೇಡಿ. ಹುಣ್ಣಿಮೆ ಹತ್ತಿರ ಇದ್ದರೆ ಮುಕ್ಕಾಲು ಉಲ್ಕೆ ಆ ಬೆಳಕಿನಲ್ಲೇ ಮುಳುಗಿಹೋಗುತ್ತವೆ. 2026 ಈ ವಿಷಯದಲ್ಲಿ ಒಳ್ಳೆಯ ವರ್ಷ. ಪರ್ಸೀಡ್ ಬರುವುದು ಅಮಾವಾಸ್ಯೆಗೆ, ಜೆಮಿನಿಡ್ ಹೊತ್ತಿಗೆ ಪಂಚಮಿಯ ಆಸುಪಾಸಿನ ತೆಳು ಚಂದ್ರ ರಾತ್ರಿ ಬೇಗ ಮುಳುಗಿರುತ್ತಾನೆ.

“ಗಂಟೆಗೆ 150 ಉಲ್ಕೆ” ಅಂತ ಓದಿ ಬಂದವರು ಬೇಸರ ಮಾಡಿಕೊಂಡು ಎದ್ದುಹೋಗುವುದನ್ನು ನೋಡಿದ್ದೇನೆ. ಆ ಸಂಖ್ಯೆಯನ್ನು ಬಿಡಿಸಿ ನೋಡಿ. ಅದು ಪೂರ್ತಿ ಕತ್ತಲ ಆಕಾಶದಲ್ಲಿ, ಉಲ್ಕೆಗಳು ಹೊರಡುವಂತೆ ಕಾಣುವ ಬಿಂದು ನೆತ್ತಿಯ ಮೇಲೆ ಇದ್ದರೆ ಮಾತ್ರ. ನಿಮ್ಮ ಜಾಗದಲ್ಲಿ ದೀಪಗಳಿದ್ದು, ನಾಲ್ಕೂವರೆ ಮ್ಯಾಗ್ನಿಟ್ಯೂಡಿನ ನಕ್ಷತ್ರದವರೆಗೆ ಮಾತ್ರ ಕಾಣುತ್ತದೆ ಅಂದುಕೊಳ್ಳಿ (ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಸುಕು). ಜೆಮಿನಿಡ್‌ಗಳು ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತವೆ, ಅಂದರೆ 20ರ ಆಸುಪಾಸು. ಆ ಬಿಂದು ಆಕಾಶದಲ್ಲಿ 30 ಡಿಗ್ರಿ ಎತ್ತರದಲ್ಲಿ ಮಾತ್ರ ಇದ್ದರೆ ಅದರಲ್ಲೂ ಅರ್ಧ. ಗಂಟೆಗೆ ಹತ್ತು. ಆರು ನಿಮಿಷಕ್ಕೆ ಒಂದು. ಇದು ಗೊತ್ತಿದ್ದು ಕೂತವರಿಗೆ ಪ್ರತಿಯೊಂದೂ ಖುಷಿ ಕೊಡುತ್ತದೆ. ಕತ್ತಲ ಜಾಗಕ್ಕೆ ಹೋದರೆ ಈ ಹತ್ತು ಎಷ್ಟೋ ಪಟ್ಟು ಆಗುತ್ತದೆ, ಹೋಗೋಕೆ ಸಾಧ್ಯವಾದರೆ ಖಂಡಿತ ಹೋಗಿ.

ದೂರದರ್ಶಕ, ಬೈನಾಕ್ಯುಲರ್ ಎರಡೂ ಬೇಡ. ಅವು ಆಕಾಶದ ಒಂದು ಚೂರನ್ನು ಮಾತ್ರ ತೋರಿಸುತ್ತವೆ. ಚಾಪೆ, ಹೊದಿಕೆ, ತಲೆಗೆ ದಿಂಬು ಸಾಕು. ಮಲಗಿಕೊಂಡೇ ನೋಡಿ, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ನಡುವೆ ಒಂದೇ ಒಂದು ಸಲ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ ಶುರು. ಬೆಳಕು ಬೇಕೇ ಬೇಕು ಅಂದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ. ನೋಡಬೇಕಾದದ್ದು ಹೊರಡುವ ಬಿಂದುವನ್ನೇ ಅಲ್ಲ. ಅಲ್ಲಿ ಗೆರೆಗಳು ಗಿಡ್ಡ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು ಹತ್ತು ಡಿಗ್ರಿ. ಬಿಂದುವಿನಿಂದ ನಾಲ್ಕು ಮುಷ್ಟಿ ಆಚೆ, ಆಕಾಶದ ಅತಿ ಕತ್ತಲ ಭಾಗಕ್ಕೆ ಕಣ್ಣು ಇಡಿ.

ಆ ಡಿಸೆಂಬರ್ ರಾತ್ರಿ ಮೊದಲ ಇಪ್ಪತ್ತು ನಿಮಿಷ ಏನೂ ಕಾಣಲಿಲ್ಲ. ಚಿಕ್ಕಮ್ಮ “ಒಳಗೆ ಹೋಗ್ಲಾ?” ಅಂದರು. ಅಷ್ಟರಲ್ಲೇ ಹಳದಿ ಬಣ್ಣದ ಒಂದು ಉಲ್ಕೆ ಪೂರ್ವದಿಂದ ನೆತ್ತಿಯವರೆಗೆ ನಿಧಾನವಾಗಿ ಹರಿದು, ಕೊನೆಯಲ್ಲಿ ಒಮ್ಮೆ ಉಬ್ಬಿ ಆರಿಹೋಯಿತು. ಹಿಂದೆ ಬಿಟ್ಟ ಹೊಗೆಯಂಥ ಗೆರೆ ಒಂದೆರಡು ಸೆಕೆಂಡ್ ಹಾಗೇ ಇತ್ತು. ಅವರು ನನ್ನ ತೋಳು ಹಿಡಿದುಕೊಂಡವರು ಬಿಡಲೇ ಇಲ್ಲ. ಒಳಗೆ ಹೋಗುವಷ್ಟರಲ್ಲಿ ಹದಿನಾಲ್ಕು ಎಣಿಸಿದ್ದೆವು.

ಹೆಜ್ಜೆ 7: ಕಂಡದ್ದು ಏನು ಅಂತ ಗುರುತಿಸಿ, ಬರೆದಿಡಿ

ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಮಿಣುಕುತ್ತಾ ಹೋದರೆ ವಿಮಾನ. ಒಂದೇ ಹೊಳಪಿನಲ್ಲಿ ಎರಡು–ಮೂರು ನಿಮಿಷ ಸಾಗಿದರೆ ಉಪಗ್ರಹ. ಹತ್ತಾರು ಸೆಕೆಂಡ್ ನಿಧಾನವಾಗಿ, ಚೂರುಚೂರಾಗಿ, ಸಾಲಾಗಿ ಉರಿಯುತ್ತಾ ಹೋದರೆ ಅದು ಹಳೆಯ ರಾಕೆಟಿನ ತುಂಡೋ ಉಪಗ್ರಹದ್ದೋ ಇರಬೇಕು.

ಶುಕ್ರ ಗ್ರಹಕ್ಕಿಂತ ಹೊಳೆಯುವ ಉಲ್ಕೆ ಕಂಡರೆ ತಕ್ಷಣ ಬರೆದುಕೊಳ್ಳಿ: ಹೊತ್ತು, ನೀವು ನಿಂತ ಜಾಗ, ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಮುಷ್ಟಿ ಎತ್ತರ, ಎಷ್ಟು ಸೆಕೆಂಡ್, ಬಣ್ಣ, ಆಮೇಲೆ ಸದ್ದು ಬಂತಾ, ಬಂದರೆ ಎಷ್ಟು ಹೊತ್ತಿಗೆ. ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್ ಜಾಲತಾಣದಲ್ಲಿ ಇದಕ್ಕೊಂದು ಫಾರಂ ಇದೆ. ಬೇರೆ ಬೇರೆ ಊರಿನ ಮೂರು ನಾಲ್ಕು ಜನರ ವರದಿ ಸೇರಿದರೆ ಅದರ ದಾರಿಯನ್ನು ಲೆಕ್ಕ ಹಾಕಬಹುದು, ಕಲ್ಲು ಎಲ್ಲಿ ಬಿದ್ದಿರಬಹುದು ಅಂತಲೂ ಹೇಳಬಹುದು. ನಿಮ್ಮ ಒಂದು ವರದಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 8: ಕಲ್ಲು ಸಿಕ್ಕರೆ

ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಮೇಲೆ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ, ಒಂದು ಮಿಲಿಮೀಟರಿನಷ್ಟು. ಒದ್ದೆ ಮಣ್ಣಿಗೆ ಹೆಬ್ಬೆರಳು ಒತ್ತಿದಂಥ ಗುಳಿಗಳು ಇರಬಹುದು. ಅಷ್ಟೇ ದೊಡ್ಡ ಬೇರೆ ಕಲ್ಲಿಗಿಂತ ಭಾರ ಅನಿಸುತ್ತದೆ. ಒಳಗೆ ಗುಳ್ಳೆಗಳ ತೂತು ತುಂಬಿದ್ದರೆ ಅದು ಲಾವಾ ಕಲ್ಲೋ ಕುಲುಮೆಯ ಕಿಟ್ಟವೋ ಇರಬೇಕು. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿ ನೋಡಿ. ಕೆಂಪು ಅಥವಾ ದಟ್ಟ ಕಪ್ಪು ಗೆರೆ ಬಿದ್ದರೆ ಹೆಚ್ಚಾಗಿ ಕಬ್ಬಿಣದ ಅದಿರು.

ಎಲ್ಲರೂ ಮೊದಲು ಮಾಡುವುದು ಅಯಸ್ಕಾಂತ ತಾಗಿಸುವುದು. ದಯವಿಟ್ಟು ಬೇಡ. ಕೋಟ್ಯಂತರ ವರ್ಷಗಳಿಂದ ಆ ಕಲ್ಲು ಉಳಿಸಿಕೊಂಡು ಬಂದ ಕಾಂತದ ಗುರುತು ಒಂದು ಬಲವಾದ ಅಯಸ್ಕಾಂತಕ್ಕೆ ಅಳಿಸಿಹೋಗುತ್ತದೆ. ತೊಳೆಯಲೂ ಬೇಡಿ. ಬಿದ್ದ ಜಾಗದಲ್ಲೇ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಜಾಗವನ್ನು ಗುರುತು ಮಾಡಿ. ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಒಣ ಜಾಗದಲ್ಲಿಟ್ಟು, ಭೂವಿಜ್ಞಾನ ವಿಭಾಗಕ್ಕೋ ವಸ್ತುಸಂಗ್ರಹಾಲಯಕ್ಕೋ ತಿಳಿಸಿ. ಯಾರಿಗೆ ಸೇರಬೇಕು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನೂ ಅವರನ್ನೇ ಕೇಳಿ.

ಮುಂದಿನ ದೊಡ್ಡ ದಿನ

2029ರ ಏಪ್ರಿಲ್ 13, ಶುಕ್ರವಾರ. ಒಮ್ಮೆ ಎಲ್ಲರನ್ನೂ ಹೆದರಿಸಿದ್ದ ಅದೇ ಅಪೋಫಿಸ್ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳು ತಿರುಗುವುದು 35,786 ಕಿಲೋಮೀಟರ್ ಎತ್ತರದಲ್ಲಿ, ಇದು ಅದಕ್ಕಿಂತಲೂ ಒಳಗೆ. ಸರಾಸರಿ 340 ಮೀಟರ್ ಅಗಲದ ಕಲ್ಲು. ಯುರೋಪ್, ಆಫ್ರಿಕಾ, ಏಷ್ಯಾದ ಪಶ್ಚಿಮ ಭಾಗದಲ್ಲಿ ಆಕಾಶ ಶುಭ್ರವಾಗಿದ್ದರೆ ದೂರದರ್ಶಕ ಇಲ್ಲದೆಯೇ ಕಾಣುತ್ತದೆ. ಮೂರನೇ ಮ್ಯಾಗ್ನಿಟ್ಯೂಡಿನ ಸಾಧಾರಣ ನಕ್ಷತ್ರದ ಹಾಗೆ ಇರುತ್ತದೆ, ಆದರೆ ಸರಿಯುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಒಂದು ನಿಮಿಷದೊಳಗೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ ದೂರ ಸಾಗುತ್ತದೆ.

ಅದಕ್ಕೆ ಈಗಿನಿಂದಲೇ ಅಭ್ಯಾಸ ಮಾಡಬಹುದು. ಜೆಪಿಎಲ್‌ನ ‘ಹೊರೈಜನ್ಸ್’ ಪುಟದಲ್ಲಿ ನಿಮ್ಮ ಜಾಗ, ದಿನ, ಕ್ಷುದ್ರಗ್ರಹದ ಹೆಸರು ಕೊಟ್ಟರೆ ಅದು ಯಾವ ಹೊತ್ತಿಗೆ ಆಕಾಶದಲ್ಲಿ ಎಲ್ಲಿ ಇರುತ್ತದೆ ಅಂತ ಪಟ್ಟಿ ಬರುತ್ತದೆ. ಮೊದಲು ವೆಸ್ಟಾ ಹುಡುಕಿ. ಒಳ್ಳೆಯ ಕತ್ತಲಲ್ಲಿ, ಅದು ಹೆಚ್ಚು ಹೊಳೆಯುವ ದಿನಗಳಲ್ಲಿ, ಬರಿಗಣ್ಣಿಗೂ ಸಿಗುವ ಕ್ಷುದ್ರಗ್ರಹ ಅದು. ಬೈನಾಕ್ಯುಲರ್ ಇದ್ದರೆ ಸುಲಭ. ಸುತ್ತಲಿನ ನಕ್ಷತ್ರಗಳ ಜೊತೆ ಅದರ ಜಾಗವನ್ನು ಕಾಗದದಲ್ಲಿ ಚುಕ್ಕಿ ಇಟ್ಟು ಗುರುತು ಮಾಡಿ. ಮೂರು ದಿನ ಬಿಟ್ಟು ಅದೇ ಕಾಗದ ಹಿಡಿದು ಮತ್ತೆ ನೋಡಿ. ಒಂದು ಚುಕ್ಕಿ ಮಾತ್ರ ಜಾಗ ಬಿಟ್ಟಿರುತ್ತದೆ.